ಕುಡಗೋಲು ಹಿಡಿದ ಅಜ್ಜಿ

ಸ್ಟೇಜ್ ಮ್ಯಾಲೆ ನಾ ಅಣ್ಣನ ಪಾತ್ರದವಗ ಕಟ್ಟಿಗಿ ಕುಡಗೋಲಿನಿಂದ ಹೊಡದೇ ಹೊಡದೆ. ಆಸ್ತಿಗಾಗಿ ಕೊಲಿ ಮಾಡೋ ನಗಿ ನಾಟಕ ಅದು. ವಿಲಾಯತಿಯ ಹ್ಯಾರೋ ಊರಿನ ಹಾಲ್ ತುಂಬ ನಗಿ, ನನಗೂ ಹುರುಪು. ಆವಾಗ ಮುಂದಿನ ಸಾಲಿನಾಗ ಕುಂತಿದ್ದ ಅಜ್ಜಿ ಒಬ್ಬಾಕಿ ಎದ್ದು ಬಂದು ನನ್ನ ಕುಡಗೋಲು ಗಟ್ಟಿಯಾಗಿ ಹಿಡ್ಕೊಂಡ್ಲು.

"ಸಾಕು ಬಿಡೋ ತಮ್ಮಾ. ಮಂದಿ ನಗತಾರಂತ ಎಷ್ಟ ಹೊಡೀತಿ ಅವಗ?"

ಸತ್ತು ಬಿದ್ದಿದ್ದ ಅಣ್ಣ ಕಣ್ಣು ಮುಚ್ಚಿಕೊಂಡೇ ಅಂದ, "ಯವ್ವಾ, ನಾ ಆಗಲೇ ಸತ್ತೇನ್ರಿ. ನೀವು ಕುಂದರ್ರಿ."

ಅಜ್ಜಿ ಕುಡಗೋಲು ಬಿಡಲಿಲ್ಲ. ಅದನ್ನ ನೋಡಿ ಹಾಲ್‌ನಾಗ ಯಾರೂ ನಗಲಿಲ್ಲ.

ಮುಂದಿನ ಪ್ರಯೋಗ ಅಲ್ಲೇ ಹೇಸ್ ಊರಾಗ ಐತಿ. ನಗಿ ಕಡಿಮಿ ಆಗಬಾರದು, ಲಗೂ ಲಗೂ ಹೊಡಿ ಅಂತಾರ ನಿರ್ದೇಶಕರು. ನಾ ಒಪ್ಪಿಲ್ಲ. ಆ ಅಜ್ಜಿಗೆ ಅನಿಸಿದಂಗ ನಗೋ ಮಂದಿಗೂ ಸಾಕು ಅನಸೋ ತನಕ ನಿಧಾನಕ್ಕ ಹೊಡಿಯಾಂವ ನಾ.