ದೊಡ್ಡ ಕಣ್ಣಿನವ ಯಾರು

ಕಾಕಾ ಆ ಪುಸ್ತಕವನ್ನು ನನಗೆ ಕೊಟ್ಟದ್ದು ದನದ ಕೊಟ್ಟಿಗೆಯಲ್ಲಿ. ಪಡಸಾಲೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದರು. ಎಮ್ಮೆಗೆ ಹಿಂಡಿ ಇಡಲು ಹೋದ ನನ್ನ ಹಿಂದೆಯೇ ಬಂದವನು ಅಂಗಿಯೊಳಗಿನಿಂದ ಅದನ್ನು ತೆಗೆದು ಕೈಗಿಟ್ಟ.

"ನಿನಗ ಚಿತ್ರದ ಹುಚ್ಚು ಐತೆಲ್ಲಾ, ಇಟಗೋ. ಯಾರಿಗೂ ತೋರಸಬ್ಯಾಡ."

ಅವನು ಅಪ್ಪನ ಒಬ್ಬನೇ ತಮ್ಮ. ಅಳ್ನಾವರದಲ್ಲಿ ಖೋಲಿ ಹಿಡಿದು, ಗೋವಾದ ಬಂದರಿನಿಂದ ಸಾಮಾನು ತರುವ ಒಬ್ಬ ಸಾಹುಕಾರರ ಲಾರಿ ನಡೆಸುತ್ತಿದ್ದ. ನಮ್ಮೂರು ಮಿಶ್ರಿಕೋಟಿಯಿಂದ ಎರಡು ಮೈಲಿ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ಬಂದಾಗ ಒಂದು ಸಾಬೂನು, ಗೋಡಂಬಿ, ಬಣ್ಣದ ರಿಬ್ಬನ್ನು ಹೀಗೆ ಏನಾದರೂ ತರುತ್ತಿದ್ದ. ಅವನ್ನೆಲ್ಲ ಎಲ್ಲರ ಮುಂದೆಯೇ ಕೊಡುತ್ತಿದ್ದ. ಇದನ್ನು ಮಾತ್ರ ಯಾಕೆ ಅಂಗಿಯೊಳಗೆ ತಂದ ಎಂದು ಆಗ ನಾನು ಕೇಳಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು ಇದು. ನನಗೆ ಹದಿನೇಳು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಮನೆಯಲ್ಲಿ ವರ ನೋಡುತ್ತಿದ್ದರು.

ಪುಸ್ತಕಕ್ಕೆ ರಟ್ಟು ಇರಲಿಲ್ಲ. ದಪ್ಪಗಿತ್ತು, ಕಾಗದ ಸುದ್ದಿಪತ್ರಿಕೆಯ ಹಾಗೆ ಒರಟು. ಪುಟಕ್ಕೆ ಐದಾರು ಚೌಕ, ಒಂದೊಂದು ಚೌಕದಲ್ಲೂ ಚಿತ್ರ. ಹುಡುಗಿಯರಿಗೆ ಮುಖದ ಅರ್ಧದಷ್ಟು ದೊಡ್ಡ ಕಣ್ಣು, ಕಣ್ಣೊಳಗೆ ನಕ್ಷತ್ರ. ಮೂಗು ಇದ್ದೂ ಇಲ್ಲದಂತೆ. ಅಕ್ಷರಗಳು ಗುಬ್ಬಿ ಕಾಲಿನ ಗುರುತಿನಂತಿದ್ದವು. ಅದು ಜಪಾನಿನದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈಗ ನನ್ನ ಮೊಮ್ಮಗಳು ಅಂಥ ಮುಖಗಳನ್ನು ಫೋನಿನಲ್ಲಿ ನೋಡುತ್ತ "ಅನಿಮೆ" ಅನ್ನುತ್ತಾಳೆ. ಆಗ ನಮ್ಮೂರಲ್ಲಿ ಅದಕ್ಕೆ ಹೆಸರಿರಲಿಲ್ಲ.

ಮೊದಲ ವಾರ ಕಥೆಯೇ ಹತ್ತಲಿಲ್ಲ. ಒಂದು ಚೌಕದಲ್ಲಿ ಚಹಾದ ಕಪ್ಪು ಒಡೆದು ಚೂರಾಗಿ ಬಿದ್ದಿದೆ, ಮುಂದಿನ ಚೌಕದಲ್ಲಿ ಅದೇ ಕಪ್ಪು ಹುಡುಗಿಯ ಕೈಯಲ್ಲಿ ಇಡಿಯಾಗಿದೆ. ಹೊಲಿಯುವಾಗ ಹಾಳೆ ತಪ್ಪಿರಬೇಕು ಅಂದುಕೊಂಡೆ. ಆಮೇಲೆ ಒಂದು ದಿನ ಕೊನೆಯ ಹಾಳೆಯಿಂದ, ಬಲಗಡೆಯಿಂದ ನೋಡುತ್ತ ಬಂದರೆ ಎಲ್ಲ ಸರಿಹೋಯಿತು. ಮೊದಲು ಕಪ್ಪು ಕೈಯಲ್ಲಿತ್ತು, ಆಮೇಲೆ ಒಡೆಯಿತು. ಇಷ್ಟನ್ನು ಯಾರ ಸಹಾಯವೂ ಇಲ್ಲದೆ ಕಂಡುಹಿಡಿದ ಮೇಲೆ, ಚಿತ್ರ ಬರೆಯುವುದನ್ನೂ ಕಲಿತೇನು ಎಂಬ ಧೈರ್ಯ ಬಂತು.

ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಇತ್ತು, ಲಗ್ನಪತ್ರಿಕೆಗಳ ಖಾಲಿ ಬದಿ ಇತ್ತು. ಸಾಲಿಗೆ ಹೋಗುವಾಗಿನ, ಅದ್ದಿ ಬರೆಯುವ ಟಾಕು ಮತ್ತು ಶಾಯಿ ಗುಳಿಗೆ ಇದ್ದವು. ಮೊದಮೊದಲು ಕಾಗದಕ್ಕೆ ಎಣ್ಣೆ ಸವರಿ, ಪಾರದರ್ಶಕವಾದ ಮೇಲೆ ಚಿತ್ರದ ಮೇಲಿಟ್ಟು ಗೆರೆ ಎಳೆದೆ. ಚಂದ ಬಂತು. ಎಣ್ಣೆ ಕಾಗದ ತೆಗೆದು ಬರಿಗೈಯಲ್ಲಿ ಬರೆದರೆ ಗೂಬೆಯ ಮುಖ. ಯಾಕೆ ಎಂದು ದಾರ ಹಿಡಿದು ಅಳೆದೆ. ನಾನು ಕಣ್ಣನ್ನು ಹಣೆಯ ಹತ್ತಿರ ಬರೆಯುತ್ತಿದ್ದೆ. ಪುಸ್ತಕದಲ್ಲಿ ಅವು ತಲೆಯ ನಟ್ಟನಡುವೆ, ಕೆಲವೊಮ್ಮೆ ಇನ್ನೂ ಕೆಳಗೆ ಇದ್ದವು. ಅಲ್ಲಿಂದ ಮುಂದೆ ರಂಗೋಲಿಗೆ ಇಡುವ ಹಾಗೆ ಮೊದಲು ಚುಕ್ಕಿ ಇಟ್ಟು, ಚುಕ್ಕಿಗಳ ಮೇಲೆ ಮುಖ ಕೂರಿಸಿದೆ. ಗದ್ದ ವೀಳ್ಯದೆಲೆಯ ತುದಿಯ ಹಾಗೆ ಇಳಿಯಬೇಕು. ಮೇಲಿನ ರೆಪ್ಪೆ ದಪ್ಪ, ಕೆಳಗಿನದು ಗೆರೆಯೂ ಅಲ್ಲ, ನೆನಪು ಅಷ್ಟೇ. ಕೂದಲನ್ನು ಒಂದೊಂದೇ ಎಳೆ ಬರೆಯಬಾರದು, ಜೋಳದ ಕಣಕಿಯ ಸಿವುಡಿನ ಹಾಗೆ ಗುಂಪು ಗುಂಪಾಗಿ ಬರೆಯಬೇಕು. ಕಣ್ಣೊಳಗೆ ಶಾಯಿ ತುಂಬದೆ ಬಿಡುವ ಬಿಳಿ ಚುಕ್ಕಿಯೊಂದೇ ನನ್ನನ್ನು ಎರಡು ತಿಂಗಳು ಕಾಡಿತು. ಎಡಗಣ್ಣಲ್ಲಿ ಎಡಕ್ಕೆ, ಬಲಗಣ್ಣಲ್ಲಿ ಬಲಕ್ಕೆ ಬಿಟ್ಟರೆ ಮೆಳ್ಳಗಣ್ಣಾಗುತ್ತಿತ್ತು. ಬೆಳಕು ಬರುವುದು ಒಂದೇ ಕಡೆಯಿಂದ, ಹಾಗಾಗಿ ಎರಡೂ ಕಣ್ಣಲ್ಲಿ ಒಂದೇ ಬದಿಗೆ ಬಿಡಬೇಕು ಎಂದು ಹೊಳೆದದ್ದು, ಕಿಟಕಿಯ ಪಕ್ಕ ಅಕ್ಕಿ ಆರಿಸುತ್ತಿದ್ದ ಅವ್ವನ ಕಣ್ಣು ನೋಡಿದಾಗ.

ಅವ್ವ ತಲೆ ಎತ್ತಿ ನನ್ನನ್ನೇ ದಿಟ್ಟಿಸಿದಳು.

"ಏನ ನೋಡಾಕತ್ತೀ?"

"ಏನಿಲ್ಲವ್ವ."

"ಎಣ್ಣಿ ಬಾಟ್ಲಿ ಯಾಕ ಇಳಿಯಾಕತ್ತೈತಿ? ಕ್ಯಾಲೆಂಡರ್ ಹಾಳಿ ಎಲ್ಲಿ ಹೊಂಟಾವು?"

"ನನಗೇನ ಗೊತ್ತು."

ಅವಳು ಮತ್ತೆ ಮೊರದ ಕಡೆ ಬಗ್ಗಿದಳು, ಆದರೆ ಅವತ್ತಿನಿಂದ ಅವಳ ಕಣ್ಣು ನನ್ನ ಬೆನ್ನ ಮೇಲೆಯೇ ಇತ್ತು. ನಾನು ಎದ್ದು ಹೋದ ಜಾಗವನ್ನು ಕೈಯಿಂದ ಸವರಿ ನೋಡುತ್ತಿದ್ದಳು. ಹಾಸಿಗೆ ಸುತ್ತಿಡುವ ನೆವದಲ್ಲಿ ಜಾಡಿಸುತ್ತಿದ್ದಳು. ನಾನು ಪುಸ್ತಕವನ್ನು ಅಟ್ಟದ ಮೇಲೆ, ಬರೆದ ಹಾಳೆಗಳನ್ನು ನನ್ನ ಟ್ರಂಕಿನ ತಳದಲ್ಲಿ, ಕಸೂತಿ ಹಾಕಿದ ಬಟ್ಟೆಗಳ ಮಡಿಕೆಯಲ್ಲಿ ಇಡತೊಡಗಿದೆ.

ಐದಾರು ತಿಂಗಳಾಗಿರಬೇಕು. ಕಾಕಾ ಒಮ್ಮೆ ಬರುವ ದಿನವಲ್ಲದ ದಿನ ಬಂದ. ಚಹಾ ಕುಡಿಯದೆಯೇ ನನ್ನನ್ನು ಹಿತ್ತಲಿಗೆ ಕರೆದ.

"ಆ ಪುಸ್ತಕ ಕೊಡು ಲಗೂನ."

"ಯಾಕ ಕಾಕಾ? ಇನ್ನೂ ಕಲಿಯೂದೈತಿ."

"ಕೊಡಂದ್ರ ಕೊಡು. ಬ್ಯಾರೇವ್ರದು ಅದು."

ಅವನ ತುಟಿ ಒಣಗಿತ್ತು. ಕೊಟ್ಟೆ. ಮತ್ತೆ ಅಂಗಿಯೊಳಗೆ ಇಟ್ಟುಕೊಂಡು ಅದೇ ಬಸ್ಸಿಗೆ ಹೊರಟುಹೋದ. ಅವನ ಬಗ್ಗೆ ಮೊದಲ ಸಲ ನನಗೆ ಸಂಶಯ ಬಂದದ್ದು ಅವತ್ತು. ಬೇರೆಯವರದಾದರೆ ಇಷ್ಟು ದಿನ ಅವರು ಯಾಕೆ ಸುಮ್ಮನಿದ್ದರು?

ಪುಸ್ತಕ ಹೋದ ಮೇಲೆಯೇ ನಾನು ನಿಜವಾಗಿ ಕಲಿತದ್ದು. ನೋಡಿ ಬರೆಯಲು ಏನೂ ಇರಲಿಲ್ಲ, ನೆನಪಿನಿಂದ ಬರೆಯಬೇಕಿತ್ತು. ಹುಡುಗಿಯರ ಮುಖ ಬಂತು, ಆಮೇಲೆ ಒಬ್ಬ ಹುಡುಗನ ಮುಖ ಬಂತು. ಹಣೆಯ ಮೇಲೆ ಬಿದ್ದ ಕೂದಲು, ಉದ್ದನೆಯ ಕೊರಳು. ಪುಸ್ತಕದಲ್ಲಿ ಹುಡುಗರಿಗೂ ಹುಡುಗಿಯರಷ್ಟೇ ಉದ್ದದ ರೆಪ್ಪೆ ಇರುತ್ತಿತ್ತು, ಹಾಗೆಯೇ ಬರೆದೆ. ಅವನು ಕೈಗೆ ಚೆನ್ನಾಗಿ ಕುದುರಿದ. ಅದಕ್ಕೇ ಅವನನ್ನು ಹತ್ತು ಹನ್ನೆರಡು ಸಲ ಬರೆದೆ.

ಆ ಚಳಿಗಾಲದಲ್ಲಿ ಸಂಶಿಯಿಂದ ಕನ್ಯಾ ನೋಡಲು ಬಂದರು. ಹುಡುಗ, ಅವನ ತಂದೆ, ಸೋದರತ್ತೆ. ನಮ್ಮ ಕಡೆಯಿಂದ ಉಪ್ಪಿಟ್ಟು ಮಾಡಲು ಬಾಜು ಮನೆಯ ಚಿಗವ್ವ ಬಂದಿದ್ದಳು. ನಾನು ಚಹಾ ಕೊಟ್ಟು ನಮಸ್ಕಾರ ಮಾಡಿ ಕಂಬದ ಹತ್ತಿರ ಕೂತೆ. ಸೋದರತ್ತೆ ಕೇಳಿದಳು, "ಕಸೂತಿ ಹಾಕತಾಳೇನ್ರಿ?"

"ಹಾಕತಾಳ್ರಿ, ಅಗದಿ ಚಲೋ ಹಾಕತಾಳ," ಎನ್ನುತ್ತ ಅವ್ವ, ನಾನು ಏಳುವುದರೊಳಗೆ ತಾನೇ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿ ನಾನು ಅವಸರದಲ್ಲಿ ಎದ್ದೆ. ಅವ್ವ ಬಟ್ಟೆಯ ಮಡಿಕೆಯನ್ನು ಹಾಗೇ ಎತ್ತಿ ತಂದು ಸೋದರತ್ತೆಯ ಮುಂದೆ ಬಿಚ್ಚಿದಳು. ಕಸೂತಿಯ ಜೊತೆಗೆ ಕ್ಯಾಲೆಂಡರ್ ಹಾಳೆಗಳು ಜಾರಿ ಕಂಬಳಿಯ ಮೇಲೆಲ್ಲ ಹರಡಿದವು. ಅವನೇ. ಹತ್ತು ಹನ್ನೆರಡು ಸಲ ಅವನೇ.

ಸೋದರತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದು ಗಂಡೋ ಹೆಣ್ಣೋ?"

ಹುಡುಗನ ತಂದೆ ಕನ್ನಡಕ ಹಾಕಿಕೊಂಡು ನೋಡಿ, "ರೆಪ್ಪಿ ಹೆಣ್ಣಿಂದು," ಎಂದರು. ಸೋದರತ್ತೆ, "ಕಾಲರ್ ಐತಲ್ರಿ, ಗಂಡ," ಎಂದಳು. ಆಗ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದ ಚಿಗವ್ವ, ಬೇಕಂತಲೋ ಬಾಯಿ ತಪ್ಪಿಯೋ, "ಅಯ್ಯ, ಕೂದಲಾ ನೋಡ್ರಿ, ನಮ್ಮ ಕಲಘಟಗಿ ಬಸ್ಸಿನ ಕಂಡಕ್ಟರ್ ಇದ್ದಂಗ ಅದಾನ!" ಎಂದುಬಿಟ್ಟಳು.

ಸಂಶಿಯವರು ಉಪ್ಪಿಟ್ಟು ಪೂರಾ ತಿನ್ನಲಿಲ್ಲ. ಎಂಟು ದಿನಕ್ಕೆ, ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು.

ಆ ಕಂಡಕ್ಟರ್ ಹೊಸದಾಗಿ ಬಂದಿದ್ದ ಒಬ್ಬ ಹುಡುಗ. ಆಗಿನ ರೀತಿಯಲ್ಲಿ ಕೂದಲು ಹಣೆಗೆ ಬಿಟ್ಟಿದ್ದ. ಅವನ ಬಸ್ಸಿನಲ್ಲಿ ನಾನು ನಾಲ್ಕು ಸಲ ಹೋಗಿರಬಹುದು, ಅದೂ ಅವ್ವನ ಜೊತೆ. ಆದರೆ ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲತೊಡಗಿತು. ಒಬ್ಬಳು ನನ್ನೆದುರೇ ಇನ್ನೊಬ್ಬಳಿಗೆ, "ರೈಟ್ ರೈಟ್" ಎಂದು ಕೈ ಬೀಸಿ ನಕ್ಕಳು. ಅಪ್ಪ ಒಂದು ದಿನ ಹೊಲಕ್ಕೆ ಹೋಗದೆ, ನನ್ನ ಒಂದು ಹಾಳೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಕೆಲಸವಿಲ್ಲದಿದ್ದರೂ ಅದೇ ಬಸ್ಸು ಹತ್ತಿ ಕಲಘಟಗಿಗೆ ಹೋಗಿ ಬಂದ. ಹೋಗುವಾಗಲೂ ಬರುವಾಗಲೂ ಕಂಡಕ್ಟರನ ಮುಖವನ್ನೇ ನೋಡಿರಬೇಕು. ಬಂದು ಪಡಸಾಲೆಯಲ್ಲಿ ಕೂತು ಹಾಳೆ ಬಿಚ್ಚಿದ.

"ಹೂಂ ಅಂದ್ರ ಹೂಂ ಅನಸ್ತೈತಿ, ಇಲ್ಲಂದ್ರ ಇಲ್ಲ," ಎಂದ. "ಖರೇ ಹೇಳು. ಯಾರಿಂವ?"

"ಯಾರೂ ಅಲ್ಲಪ್ಪ. ಕಾಕಾ ಕೊಟ್ಟ ಪುಸ್ತಕದಾಗ ಇದ್ದಾಂವ."

"ಯಾವ ಪುಸ್ತಕ?"

ಎಲ್ಲ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮೇಲೆ ನನಗೇ ಸಂಶಯ ಬಂತು. ಈ ಹುಡುಗ ನನ್ನ ಕೈಗೆ ಬಂದದ್ದು ಪುಸ್ತಕ ಹೋದ ಮೇಲೆ. ಹಣೆಯ ಕೂದಲು ಪುಸ್ತಕದ್ದೋ, ಬಸ್ಸಿನದ್ದೋ? ನಾನು ಬೇಡವೆಂದರೂ ಕಣ್ಣು ಎಲ್ಲಿಂದ ಏನು ಎತ್ತಿಟ್ಟುಕೊಂಡಿತ್ತೋ, ಆಣೆ ಮಾಡಿ ಹೇಳಲು ನನಗೆ ಆಗುತ್ತಿರಲಿಲ್ಲ.

ಕಾಕಾನಿಗೆ ಹೇಳಿಕಳಿಸಿದರು. ಮುಂದಿನ ರವಿವಾರ ಮುಂಜಾನೆ ಬಂದ. ಅವ್ವ ಹಾಳೆಗಳನ್ನು ಅವನ ಮುಂದಿಟ್ಟಳು.

"ಇಂಥಾ ಪುಸ್ತಕ ನೀ ತಂದುಕೊಟ್ಟೀಯಂತ. ಹೌದೇನು?"

ಕಾಕಾ ಹಾಳೆ ನೋಡಿದ. ನನ್ನ ಕಡೆ ನೋಡಲಿಲ್ಲ.

"ಯಾವ ಪುಸ್ತಕ ವೈನಿ? ನಾ ಯಾವ ಪುಸ್ತಕಾನೂ ತಂದಿಲ್ಲ."

"ಕಾಕಾ, ನೀನ ಕೊಟ್ಟಿ. ದನದ ಕೊಟಗ್ಯಾಗ ಕೊಟ್ಟಿ, ಮತ್ತ ನೀನ ತಿರುಗಿ ಒಯ್ದಿ!"

"ಹುಡುಗಿ ಹೆದರೇತಿ, ಏನೋ ಹೇಳಾಕತ್ತೈತಿ," ಎಂದ ಅವನು, ಅಪ್ಪನಿಗೆ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಳಗೆ ಹೋಗಿ ಟಾಕು, ಶಾಯಿ, ಲಗ್ನಪತ್ರಿಕೆ ತಂದೆ. "ನಾ ಯಾರ್ನ ಬರದ್ರೂ ಹಿಂಗ ಬರ್ತಾರ, ನೋಡ್ರಿ," ಎಂದು ಅಪ್ಪನ ಮುಖ ಬರೆಯಲು ಕೂತೆ. ಚುಕ್ಕಿ ಇಟ್ಟೆ, ಗದ್ದ ಇಳಿಸಿದೆ, ರುಮಾಲು ಸುತ್ತಿದೆ, ಕಣ್ಣು ಅಗಲ ಮಾಡಿ ಬಿಳಿ ಚುಕ್ಕಿ ಬಿಟ್ಟೆ. ಮೀಸೆ ಇದ್ದರೂ ಅಪ್ಪ ಹದಿನಾರು ವರ್ಷದ ಹುಡುಗಿಯ ಹಾಗೆ ಆದ. ಅಪ್ಪ ಅದನ್ನು ಆ ಹುಡುಗನ ಚಿತ್ರದ ಬಾಜು ಇಟ್ಟು ನೋಡಿದ. ಅಣ್ಣ ತಮ್ಮಂದಿರ ಹಾಗಿದ್ದವು. ಅವ್ವನಿಗೆ ನಗು ಬಂತು, ಸೆರಗು ಬಾಯಿಗೆ ಅಡ್ಡ ಹಿಡಿದಳು.

"ನಿಮ್ಮ ಕಾಕಾಂದು ತಗಿ," ಎಂದ ಅಪ್ಪ.

ಕಾಕಾ ಕುಳಿತಲ್ಲೇ ಕದಲಿದ, ಏಳಲಿಲ್ಲ. ಬರೆದೆ. ಅವನು ತಲೆ ಎತ್ತಲೇ ಇಲ್ಲವಾದ್ದರಿಂದ ರೆಪ್ಪೆ ಕೆಳಗಿಳಿಸಿಯೇ ಬರೆಯಬೇಕಾಯಿತು. ಬಿಳಿ ಚುಕ್ಕಿಗೆ ಜಾಗವೇ ಇರಲಿಲ್ಲ. ಅಪ್ಪ ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡು ಕೂತ. ಆಮೇಲೆ, "ನಡಿಯೋ, ಬಣವಿ ಕಡೆ ಹೋಗಿ ಬರೂಣು," ಎಂದು ತಮ್ಮನನ್ನು ಎಬ್ಬಿಸಿಕೊಂಡು ಹೋದ.

ನಾನು ಸಗಣಿ ಬುಟ್ಟಿ ಹೊತ್ತುಕೊಂಡು ಹಿಂದೆಯೇ ಹೋಗಿ ಬಣವೆಯ ಈಚೆ ನಿಂತೆ. ಕಾಕಾನ ದನಿ ಅಳುವಂತಿತ್ತು. ಬಂದರಿನಿಂದ ತಂದ ಒಂದು ಯಂತ್ರದ ಪೆಟ್ಟಿಗೆ ದಾರಿಯಲ್ಲಿ ಒಡೆದಿತ್ತಂತೆ. ಒಳಗೆ ಯಂತ್ರಕ್ಕೆ ಒತ್ತಾಗಿ ತುರುಕಿದ್ದ ಹಳೆಯ ಪುಸ್ತಕಗಳಲ್ಲಿ ಒಂದನ್ನು ಎತ್ತಿಕೊಂಡನಂತೆ. ಆಮೇಲೆ ಯಂತ್ರದ ಯಾವುದೋ ಭಾಗ ಕಡಿಮೆ ಬಿದ್ದು, ಸಾಹುಕಾರರು ಒಬ್ಬೊಬ್ಬರನ್ನೇ ಕರೆದು ಕೇಳಿದರಂತೆ, ಕ್ಲೀನರನನ್ನು ಬಿಡಿಸಿದರಂತೆ.

"ಆ ಸಾಮಾನು ನಾ ಮುಟ್ಟಿಲ್ಲಣ್ಣಾ, ನಿನ್ನ ಪಾದದಾಣಿ. ಆದ್ರ ಪುಸ್ತಕ ನನ್ನ ಕಡೆ ಸಿಕ್ಕಿದ್ರ ಪೆಟ್ಟಿಗಿ ಬಿಚ್ಚಿದಾಂವ ನಾನ ಅಂತಿದ್ರು. ಚಹಾದಂಗಡಿ ಒಲ್ಯಾಗ ಹಾಕಿ ಸುಟ್ಟೆ. ವೈನಿಗೆ ಹೇಳಬ್ಯಾಡ. ಆಕೀ ಬಾಯಾಗ ಮಾತು ನಿಲ್ಲೂದಿಲ್ಲ."

ಕಾಕಾ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೋದ. ಅಪ್ಪ ಈಗ ಹೇಳುತ್ತಾನೆ, ಚಹಾಕ್ಕೆ ಕೂತಾಗ ಹೇಳುತ್ತಾನೆ ಎಂದು ನಾನು ಕಾದೆ. ಅವ್ವ ತಾನಾಗಿಯೇ ಕೇಳಿದಳು, "ಏನಂದ ನಿಮ್ಮ ತಮ್ಮ?"

"ಏನಿಲ್ಲ. ಹೊಲದ ಮಾತು," ಎಂದ ಅಪ್ಪ.

ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ನನ್ನನ್ನು ನೋಡಿದ. ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು ಎಂದೇ ನಾನು ಇವತ್ತಿಗೂ ತಿಳಿದಿದ್ದೇನೆ. ತಮ್ಮನ ಅನ್ನ ಉಳಿಯಿತು. ಮಗಳ ಮಾತು ಸುಳ್ಳಾಗಿ ಉಳಿಯಿತು. ಅಲ್ಲಿಯವರೆಗೆ ಅಪ್ಪ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಿದ್ದವಳು, ಆಮೇಲೆ ಅವನು ಮಳೆ ಬಂತು ಎಂದರೂ ಬಾಗಿಲಿಗೆ ಹೋಗಿ ನೋಡುವವಳಾದೆ.

ಬಾಯಿ ಬಿಟ್ಟು ಹೇಳಿಬಿಡಬಹುದಿತ್ತು. ಎರಡು ಮೂರು ಸಲ ಹೇಳಬೇಕೆಂದೇ ಅವ್ವನ ಮುಂದೆ ಹೋಗಿ ಕೂತೆ. ಆದರೆ ಕಾಕಾನ ದನಿ ನೆನಪಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದರೂ ಅವ್ವ ನಂಬುತ್ತಾಳೆಯೇ ಎಂಬುದೇ ಅನುಮಾನವಾಗಿತ್ತು.

ಅವ್ವ ಹಾಳೆಗಳನ್ನು ಸುಡಲಿಲ್ಲ, ನನಗೆ ಕೊಡಲೂ ಇಲ್ಲ. ಬರೆಯಬೇಡ ಎಂದೂ ಅನ್ನಲಿಲ್ಲ. ನಾನು ಬರೆದೆ, ಈಗ ಮುಚ್ಚಿಡದೆ, ಕಟ್ಟೆಯ ಮೇಲೆ ಕೂತು. ಅವ್ವ ಹಿಂದೆ ನಿಂತು ನೋಡುತ್ತಿದ್ದಳು. ಹುಡುಗಿಯ ಮುಖವಾದರೆ ಒಳಗೆ ಹೋಗುತ್ತಿದ್ದಳು, ಹುಡುಗನದಾದರೆ ಮುಗಿಯುವವರೆಗೂ ನಿಲ್ಲುತ್ತಿದ್ದಳು.

ಮರುವರ್ಷ ಅಣ್ಣಿಗೇರಿಯ ಕಡೆ ನನ್ನ ಲಗ್ನ ಗೊತ್ತಾಯಿತು. ಜವಳಿ ತರಲು ಕಲಘಟಗಿಗೆ ಹೊರಟಾಗ ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. ಟಿಕೆಟ್ಟಿಗೆ ಕೈ ಚಾಚಿದಾಗ ನಾನು ಮೊದಲ ಸಲ ಅವನನ್ನು ನೆಟ್ಟಗೆ ನೋಡಿದೆ. ಸಣ್ಣ ಕಣ್ಣು, ಮುಂದೆ ಚಾಚಿದ ಕಿವಿ, ಗದ್ದದ ಮೇಲೆ ಗಾಯದ ಕಲೆ. ಕೂದಲು ಬಿಟ್ಟರೆ ಯಾವುದೂ ನನ್ನ ಚಿತ್ರದವನದಾಗಿರಲಿಲ್ಲ. ನಿರಾಳವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಆ ಕೂದಲು ಮಾತ್ರ ಹೌದೆನ್ನುವಷ್ಟು ಹೋಲುತ್ತಿತ್ತು. ತಿರುಗಿದರೆ ಅವ್ವ ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಈಗರ ಹೇಳವ್ವ," ಎಂದಳು ಮೆಲ್ಲಗೆ. "ನಾ ಯಾರಿಗೂ ಹೇಳೂದಿಲ್ಲ. ಯಾರಿಂವ?"

ಮುಂದಿನ ಸೀಟಿನಲ್ಲಿ ಅಪ್ಪ ಕೂತಿದ್ದ. ಅವನು ರುಮಾಲು ಸರಿಮಾಡಿಕೊಂಡ, ಹಿಂದೆ ತಿರುಗಲಿಲ್ಲ.

"ಯಾರೂ ಅಲ್ಲವ್ವ. ನಾ ಮಾಡಿದಾಂವ."

ಅವ್ವ "ಹೂಂ" ಅಂದಳು. ನಂಬಿದ ಹೂಂ ಅಲ್ಲ ಅದು.