ಹಸು ಮಾರದೆ ಹಬ್ಬ ಮಾಡಿಸುವ ಕಾನಿಶಾ

ಗುರುವಾರ, ಬೆಳಗಿನ ಆರು ಗಂಟೆ. ನಮ್ಮ ಬೆಟ್ಟದೂರು ಅತ್‌ಬಾಶಿಯ ಮೇಲಿನ ಬೀದಿಯಲ್ಲಿ ಇನ್ನೂ ಒಂದು ಮನೆಯಿಂದಲೂ ಹೊಗೆ ಎದ್ದಿಲ್ಲ. ಸೂಸಾರ್ ಅಜ್ಜಿಯ ಅಂಗಳದಲ್ಲಿ ಮಾತ್ರ ಧಪ್ ಧಪ್ ಎಂದು ಸದ್ದು. ರಾತ್ರಿ ಬಿದ್ದ ಹಿಮ ಮೊಣಕಾಲಿನವರೆಗಿದೆ. ಅದರ ಮೇಲೆ ಎರಡಾಳುದ್ದದ ಶಿರ್ದಾಕ್, ನಮ್ಮ ಉಣ್ಣೆಯ ಜಮಖಾನ, ಬೋರಲು ಬಿದ್ದಿದೆ. ಇದೇ ಬೀದಿಯ ಕಾನಿಶಾ ಅದನ್ನು ಕೋಲಿನಿಂದ ಬಡಿಯುತ್ತಿದ್ದಾರೆ. ಐವತ್ತು ಏಟು, ಪಕ್ಕದ ಹೊಸ ಹಿಮಕ್ಕೆ ಎಳೆದು ಮತ್ತೆ ಐವತ್ತು. ಜಮಖಾನ ಎದ್ದುಹೋದ ಜಾಗದ ಹಿಮ ಮಸಿಗಪ್ಪಾಗಿದೆ.

"ನೋಡು ತಂಗಿ, ಹನ್ನೆರಡು ವರ್ಷದ ಕೊಳೆ!" ಎಂದು ಕೋಲಿನ ತುದಿಯಿಂದ ತೋರಿಸುತ್ತಾರೆ. "ದೇವರು ಮೇಲಿಂದ ಪುಕ್ಕಟೆ ಸೋಪು ಸುರೀತಾನೆ. ನಮ್ಮ ಜನ ನೋಡಿದ್ರೆ ಅಂಗಡೀಗೆ ಓಡ್ತಾರೆ."

ಹಾಗಂತ ಎಲ್ಲ ಹಿಮವೂ ಆಗದು. ಬಡಿಯುವ ಮೊದಲು ಒಂದು ಹಿಡಿ ತೆಗೆದು ಉಫ್ ಎಂದು ಊದುತ್ತಾರೆ. ಹಿಟ್ಟಿನ ಹಾಗೆ ಹಾರಿದರೆ ಸರಿ, ಮುದ್ದೆಯಾದರೆ ಜಮಖಾನ ಒಳಗೇ ಇರಬೇಕು. ಹಸಿ ಹಿಮಕ್ಕೆ ಜಮಖಾನದ ಕೆಂಪು ಬಣ್ಣ ಬಿಡುತ್ತದೆ. ಬಿಸಿನೀರಿಗಂತೂ ಕೇಳುವುದೇ ಬೇಡ. ಕಾನಿಶಾ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜಮಖಾನಕ್ಕೆ ಬಿಸಿನೀರು ಸುರಿದು, ಬಿಳಿಯ ಕೊಂಬಿನ ಚಿತ್ತಾರವನ್ನೆಲ್ಲ ಕೆಂಪು ಮಾಡಿ, ಒಂದು ಚಳಿಗಾಲ ಪೂರ್ತಿ ಬೈಸಿಕೊಂಡವರು. "ಆವತ್ತು ಕಲಿತಿದ್ದು ಇವತ್ತಿಗೂ ಅನ್ನ ಹಾಕ್ತಿದೆ," ಎಂದು ನಗುತ್ತಾರೆ.

ಈ ಜಮಖಾನಕ್ಕೆ ಇಷ್ಟು ಉಪಚಾರ ಯಾಕೆಂದರೆ, ಶನಿವಾರ ಸೂಸಾರ್ ಅಜ್ಜಿಯ ಮೊಮ್ಮಗಳು ಆಯ್‌ಪೆರಿಯ ಕಾಲುದಾರದ ಹಬ್ಬ. ಮಗು ತಪ್ಪು ಹೆಜ್ಜೆ ಇಡಲು ಶುರು ಮಾಡಿದೆ. ಕಪ್ಪು-ಬಿಳಿ ಉಣ್ಣೆ ಹೊಸೆದ ದಾರದಿಂದ ಅದರ ಎರಡೂ ಕಾಲು ಸೇರಿಸಿ ಕಟ್ಟಬೇಕು. ಬೀದಿಯ ಮಕ್ಕಳೆಲ್ಲ ಓಡಿ ಬರಬೇಕು, ಮೊದಲು ಮುಟ್ಟಿದವರು ದಾರ ಕತ್ತರಿಸಬೇಕು. ಆಮೇಲೆ ಮಗು ಜೀವನವಿಡೀ ಎಡವದೆ ನಡೆಯುತ್ತದೆ ಎಂಬುದು ನಮ್ಮ ನಂಬಿಕೆ. ಇಷ್ಟಕ್ಕೆ ಬೇಕಾದದ್ದು ಒಂದು ಮೊಳ ದಾರ, ಒಂದು ಕತ್ತರಿ. ಆದರೆ ನಮ್ಮವರು ಈಗ ಅದಕ್ಕೆ ಕನ್ನಡಿ ಗೋಡೆಯ ಹಬ್ಬದ ಹಾಲ್, ಮೂರಂತಸ್ತಿನ ಕೇಕ್, ಮೈಕ್ ಹಿಡಿದು ಕಿರುಚುವ ಕೋಡಂಗಿ ಎಲ್ಲ ಬೇಕೆನ್ನುತ್ತಾರೆ. ಕೋಡಂಗಿಯನ್ನು ಕಂಡರೆ ಒಂದು ವರ್ಷದ ಮಗು ಚಿಟ್ಟನೆ ಚೀರುತ್ತದೆ, ಅದನ್ನು ದುಡ್ಡು ಕೊಟ್ಟು ವಿಡಿಯೋ ಮಾಡಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಸೂಸಾರ್ ಅಜ್ಜಿಗೂ ಹಾಲ್ ಬೇಕಿತ್ತು. ಕಳೆದ ತಿಂಗಳು ಅವರ ಬೀಗಿತ್ತಿ ಜಾರ್ಕಿನ್, ಮಗಳನ್ನು ಕೊಟ್ಟ ಮನೆಯ ಯಜಮಾನಿ, ತಮ್ಮ ಮೊಮ್ಮಗನ ಹಬ್ಬವನ್ನು ಹಾಲ್‌ನಲ್ಲೇ ಮಾಡಿದ್ದರು. ಹಾಲ್‌ನ ಖರ್ಚಿಗೆ ಸರಿಯಾಗಿ ಒಂದು ಹಸುವಿನ ಬೆಲೆ. ಮನೆಯಲ್ಲಿರುವುದೂ ಒಂದೇ ಹಸು. ಅದರ ಹಾಲು ಕುಡಿದೇ ಆಯ್‌ಪೆರಿ ಗುಂಡುಗುಂಡಾಗಿರುವುದು. ಮಗುವಿನ ತಾಯಿ ಮೀರಿಮ್ ಕೆನೆ, ಮೊಸರು ಮಾರಿ ಮನೆಯ ಹಿಟ್ಟು, ಕಲ್ಲಿದ್ದಲು ಹೊಂದಿಸುವುದೂ ಅದರಿಂದಲೇ. ಹಸು ಹೋದರೆ ಏನು ಮಾಡುವುದೆಂದು ತೋಚದೆ ಸೊಸೆ ಬುಧವಾರ ಮಧ್ಯಾಹ್ನ ಕಾನಿಶಾರ ಬಾಗಿಲಿಗೆ ಬಂದು ಕಣ್ಣೀರು ಹಾಕಿದಳು.

ಕಾನಿಶಾ ಅದೇ ಸಂಜೆ ಅಜ್ಜಿಯ ಎದುರು ಹೋಗಿ ಕೂತರು.

"ಅಮ್ಮಾ, ಹಬ್ಬ ನಾನು ಮನೇಲೇ ಮಾಡಿಸ್ತೀನಿ. ಹಸು ಕೊಟ್ಟಿಗೇಲಿ ಇರ್ಲಿ."

"ಈ ಹೊಗೆ ಹಿಡಿದ ಜಮಖಾನದ ಮೇಲೆ ಬೀಗಿತ್ತೀನ ಕೂರಿಸ್ಲಾ? ತಲೆ ನೆಟ್ಟಗಿದೆ ತಾನೇ ನಿಂಗೆ?"

"ಜಮಖಾನ ನನಗೆ ಬಿಡಿ."

"ಸರಿ ಕಣೇ. ದಲ್ಲಾಳಿಗೆ ಶನಿವಾರ ಮಧ್ಯಾಹ್ನ ಬಾ ಅಂದಿದೀನಿ, ಭಾನುವಾರದ ಸಂತೆಗೆ. ಅಷ್ಟರೊಳಗೆ ಜಾರ್ಕಿನ್ ಒಂದೇ ಒಂದು ಸಲ ಮೂಗು ಮುರಿದ್ರೂ ಹಸು ಅವನ ಹಿಂದೆ ಹೋಗುತ್ತೆ. ಹಾಲ್‌ನಲ್ಲಿ ಇನ್ನೊಂದು ಸಲ ಹಬ್ಬ ಮಾಡಿ ಮರ್ಯಾದೆ ಉಳಿಸ್ಕೊತೀನಿ."

ಕಾನಿಶಾರಿಗೆ ಈಗ ಐವತ್ತಮೂರು. ಅಂಥದ್ದೇ ಒಂದು ಹಾಲ್‌ನಲ್ಲಿ ಒಂಬತ್ತು ವರ್ಷ ನೆಲ ಒರೆಸಿದವರು. ಡಬ್ಬಿ ಕೆಮಿಕಲ್ಲಿನ ಘಾಟು ನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದಿಯೆಲ್ಲ ಹುಣ್ಣಾಗಿತ್ತು, ಕೆಮ್ಮು ಎದೆಯಲ್ಲಿ ಕೂತಿತ್ತು. ಕೆಮ್ಮುವವಳು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಒಂದು ದಿನ ಮನೆಗೆ ಕಳಿಸಿಬಿಟ್ಟರು. "ಹೋಗ್ಲಿ ಬಿಡು, ಒಳ್ಳೇದೇ ಆಯ್ತು," ಎನ್ನುತ್ತಾರೆ. "ಮುಟ್ಟದೇ ಇರೋ ಊಟ ಎಷ್ಟು ತಿಪ್ಪೆಗೆ ಹೋಗುತ್ತೆ ಅಂತ ಅಲ್ಲಿ ಕಣ್ಣಾರೆ ಕಂಡೆ. ಅದಕ್ಕೆ ದುಡ್ಡು ಕಟ್ಟಿದವರು ಹೊರಗೆ ಸಪ್ಪೆ ಮುಖ ಹಾಕ್ಕೊಂಡು ನಿಂತಿರೋರು."

ಮನೆಗೆ ಬಂದ ಮೇಲೆ ತಮ್ಮ ಅಜ್ಜಿಯ ಕಾಲದ ಕಪ್ಪು ಸೋಪು ನೆನಪಾಯಿತು. ಉಪ್ಪುನೆಲದ ಕುರುಚಲು ಗಿಡ ಸುಟ್ಟ ಬೂದಿಯ ತಿಳಿ, ಕುರಿಯ ಬಾಲದ ಕೊಬ್ಬು, ಇಡೀ ಒಂದು ದಿನದ ಕುದಿ. ಗಿಡ ತಂದುಕೊಡುವುದು ಕಲ್ಲಿದ್ದಲಿನ ಲಾರಿ ಓಡಿಸುವ ಗಂಡ ಸಾದಿರ್. ಮೊದಲ ಸಲದ ಸೋಪು ಪಾಯಸದಂತೆ ತೆಳ್ಳಗಾಗಿ, ಗಂಡನೇ "ಕುಡಿಯೋದಾ, ಹಚ್ಚೋದಾ?" ಎಂದು ಗೇಲಿ ಮಾಡಿದ್ದನಂತೆ. ಈಗ ಬೀದಿಯ ನಲವತ್ತು ಮನೆಗಳಲ್ಲಿ ಅದೇ ಸೋಪು. ಜಿಡ್ಡಿನ ಪಾತ್ರೆಗೆ ಸಾಸಿವೆ ಪುಡಿ, ಕೆಟಲಿನ ತಳದ ಸುಣ್ಣಕ್ಕೆ ಹುಳಿ ಹಾಲೊಡಕು, ಕಿಟಕಿ ಗಾಜಿಗೆ ವಿನೆಗರ್ ಮತ್ತು ಹಳೆಯ ಪೇಪರು. ನಾನು ಬರೆಯುವ ಈ ಪತ್ರಿಕೆಯ ಪುರವಣಿ ಗಾಜಿಗೆ ಚೆನ್ನಾಗಿ ಹೊಳಪು ಕೊಡುತ್ತದೆಂದು ನನ್ನ ಮುಖಕ್ಕೇ ಹೇಳುತ್ತಾರೆ, ಹೊಗಳಿಕೆಯೋ ಏನೋ ಗೊತ್ತಿಲ್ಲ. ಕೈಯ ಹುಣ್ಣು ಮಾಯವಾಗಿ ಹತ್ತು ವರ್ಷ ದಾಟಿದೆ.

ಸೋಪು ಕೊಡಲು ಹೋದ ಮನೆಗಳಲ್ಲೇ ಹಬ್ಬದ ಕೆಲಸವೂ ಅಂಟಿಕೊಂಡಿತು. ಈವರೆಗೆ ನೂರಾ ನಲವತ್ತು ಮಕ್ಕಳ ಹಬ್ಬ. ಒಂದು ಕುರಿ, ಎರಡು ಮೂಟೆ ಕ್ಯಾರೆಟ್ಟು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೂರ್ಸೋಕ್ ಗುಡ್ಡೆಗುಡ್ಡೆ. ಓಡುವ ಮಕ್ಕಳಿಗೆ ಬಹುಮಾನವಾಗಿ ಹಳೆ ಸ್ವೆಟರ್ ಬಿಚ್ಚಿ ಹೆಣೆದ ಕಾಲುಚೀಲ, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಬಣ್ಣ ಹಾಕಿದ, ಆಟಕ್ಕಾಗುವ ಕುರಿಯ ಗೆಣ್ಣುಮೂಳೆ. ಆ ಮೂಳೆಗಳಿಗಾಗಿ ಮಕ್ಕಳು ಕಚ್ಚಾಡುವುದನ್ನು ನೋಡಿದರೆ ಅಂಗಡಿಯ ಗೊಂಬೆಗಳು ನಾಚಬೇಕು. ಕೂಲಿ ಕೇಳಿದರೆ, "ಕುರಿಯ ಬಾಲ ಕೊಡಿ, ಸೋಪಿಗಾಗುತ್ತೆ" ಎನ್ನುತ್ತಾರೆ. ಇದ್ದವರು ಒಂದಿಷ್ಟು ದುಡ್ಡೂ ಕೊಡುತ್ತಾರೆ.

ಎಲ್ಲ ಸಲೀಸಾಗಿ ನಡೆಯುತ್ತಿದೆ ಅಂದುಕೊಳ್ಳುವಷ್ಟರಲ್ಲಿ, ಗುರುವಾರ ಮಧ್ಯಾಹ್ನ, ಮೀರಿಮ್ ಒಂದು ಎಡವಟ್ಟು ಮಾಡುತ್ತಾಳೆ. ಜಮಖಾನದ ಒಂದು ಮೂಲೆಯಲ್ಲಿ ಕೊಬ್ಬಿನ ಕಲೆ ಉಳಿದಿದೆಯೆಂದು, ಕಾನಿಶಾ ಮನೆಗೆ ಹೋದಾಗ, ಕುದಿಯುವ ನೀರಿಗೆ ಕಪ್ಪು ಸೋಪು ಕದಡಿ ಅದರ ಮೇಲೆ ಹುಯ್ದುಬಿಡುತ್ತಾಳೆ. ನಾವು ಬರುವಷ್ಟರಲ್ಲಿ ಬಿಳಿ ಕೊಂಬಿನ ಮೇಲೆ ಕೆಂಪು ಹರಿದಿದೆ. ಹುಡುಗಿ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಿಂತಿದ್ದಾಳೆ. ನನಗಂತೂ ಹಸು ಸಂತೆಯಲ್ಲಿ ನಿಂತ ಹಾಗೇ ಕಂಡಿತು.

"ಅಕ್ಕಾ, ನಾನೇ ಕೈಯಾರೆ ಹಾಳು ಮಾಡ್ಕೊಂಡೆ."

"ಅಳೋದು ಆಮೇಲೆ, ಮೊದ್ಲು ಹಿಮ ತಾ! ಬಕೆಟ್ ತುಂಬ ತಾ!" ಎಂದು ಕಾನಿಶಾ ಮಂಡಿಯೂರುತ್ತಾರೆ. ಹಿಮಕ್ಕೆ ಹುಳಿ ಹಾಲೊಡಕು ಕಲಸಿ ಕಲೆಯ ಮೇಲೆ ಒತ್ತುತ್ತಾರೆ. ಹಿಮ ಗುಲಾಬಿಯಾಗುತ್ತದೆ, ಕೆರೆದು ಎಸೆದು ಹೊಸದನ್ನು ಒತ್ತುತ್ತಾರೆ. ಮೂವತ್ತು ಸಲ ಎಣಿಸಿದೆ, ಆಮೇಲೆ ನನ್ನ ಬೆರಳೇ ಮರಗಟ್ಟಿ ಎಣಿಕೆ ಬಿಟ್ಟೆ. ಕತ್ತಲಾಗುವ ಮೊದಲು ಕೆಂಪೆಲ್ಲ ಹೋಗಿ, ಅಂಗೈಯಗಲದ ಒಂದು ತೆಳು ಗುಲಾಬಿ ಮಾತ್ರ ಹಠ ಹಿಡಿದು ಉಳಿಯುತ್ತದೆ.

"ಇದು ಹೋಗಲ್ಲ," ಎಂದು ಕಾನಿಶಾ ಸೊಂಟ ಹಿಡಿದು ಏಳುತ್ತಾರೆ. ಆಮೇಲೆ ಕಣ್ಣು ಮಿಟುಕಿಸಿ, "ಬಾಗಿಲಿಗೆ ಎದುರಾಗಿ ದೊಡ್ಡವರು ಕೂರೋ ಜಾಗದಲ್ಲಿ ಈ ಮೂಲೆ ಬರೋ ಹಾಗೆ ಹಾಸು ಮಗಳೇ. ಜಾರ್ಕಿನ್ ಅಮ್ಮಾವ್ರು ಅದರ ಮೇಲೇ ಕೂತ್ಬಿಟ್ರೆ ಅವರಿಗೆ ಹೇಗೆ ಕಾಣುತ್ತೆ?"

ಶನಿವಾರ ಜಾರ್ಕಿನ್ ಬರುತ್ತಾರೆ, ಕೂರಿಸಿದಲ್ಲೇ ಕೂರುತ್ತಾರೆ. ದೊಡ್ಡ ಆಳು, ಗುಲಾಬಿ ಗುರುತೇ ಇಲ್ಲ. ಕಿಟಕಿ ನೋಡುತ್ತಾರೆ, ಪಿಂಗಾಣಿ ಬಟ್ಟಲು ಬೆಳಕಿಗೆ ಹಿಡಿಯುತ್ತಾರೆ, ಸೂಪು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಬಾಯಿ ಮಾತ್ರ ಬಿಡುವುದಿಲ್ಲ. ಸೂಸಾರ್ ಅಜ್ಜಿ ಬೀಗಿತ್ತಿಯ ಮೂಗಿನಿಂದ ಕಣ್ಣು ಕೀಳುವುದಿಲ್ಲ. ಅಷ್ಟರಲ್ಲಿ ದಲ್ಲಾಳಿ ಹಗ್ಗ ಹಿಡಿದು ಬಾಗಿಲಿಗೆ ಬರುತ್ತಾನೆ. ಓಟದ ಹೊತ್ತೂ ಆಗಿದೆ. "ಏಳಿ ಏಳಿ, ಮಕ್ಕಳು ಬೀದಿ ತುದೀಲಿ ನಿಂತಿದಾರೆ!" ಎಂದು ಯಾರೋ ಕೂಗಿದ್ದೇ ತಡ, ಕೋಣೆಯೆಲ್ಲ ಏಳುತ್ತದೆ. ಜಾರ್ಕಿನ್ ಕೂಡ ಏಳುತ್ತಾರೆ, ತಿರುಗಿ ಕೆಳಗೆ ನೋಡುತ್ತಾರೆ.

ಇದನ್ನು ನಾವ್ಯಾರೂ ಯೋಚಿಸಿರಲೇ ಇಲ್ಲ! ಕೂತವರು ಏಳುತ್ತಾರಲ್ಲ! ಮೀರಿಮ್ ಮಗುವನ್ನು ಎದೆಗವಚಿಕೊಳ್ಳುತ್ತಾಳೆ. ಜಾರ್ಕಿನ್ ಬಗ್ಗಿ ಆ ಗುಲಾಬಿಯನ್ನು ಬೆರಳಿನಿಂದ ಉಜ್ಜುತ್ತಾರೆ, ಸುತ್ತಲಿನ ಬಿಳಿಯನ್ನು ಉಜ್ಜುತ್ತಾರೆ, ಬೆರಳು ಮೂಸುತ್ತಾರೆ.

"ಬಿಸಿನೀರು ಹಾಕಿದ್ರಾ?"

"ನಾನೇ, ಅಮ್ಮ," ಎಂದು ಮೀರಿಮ್ ಒಪ್ಪಿಕೊಳ್ಳುತ್ತಾಳೆ.

"ನಾನೂ ಹಾಕಿದ್ದೆ," ಎನ್ನುತ್ತಾರೆ ಜಾರ್ಕಿನ್. "ನಂದು ಪೂರ್ತಿ ಕೆಂಪಾಗಿ ಕೊಟ್ಟಿಗೆ ಸೇರ್ತು. ಇದನ್ನ ಇಷ್ಟು ಬಿಳಿ ಮಾಡಿದ್ದು ಯಾರು? ನಮ್ಮನೇಲಿ ಇನ್ನೂ ಮೂರಿದಾವೆ, ಹೊಗೆ ಹಿಡಿದು ಕೂತಿವೆ. ಅವಳನ್ನ ನಮ್ಮನೆಗೆ ಕಳಿಸಿ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಸೊಂಟ ಹೋಗಿತ್ತು ಮಾರಾಯ್ತಿ, ಇವತ್ತು ನೆಮ್ಮದಿಯಾಗಿ ಕೂತು ಉಂಡೆ."

ಸೂಸಾರ್ ಅಜ್ಜಿಯ ಬೆನ್ನು ಒಮ್ಮೆಲೇ ನೆಟ್ಟಗಾಗುತ್ತದೆ. "ನಮ್ಮ ಕಾನಿಶಾ ಮಾಡಿದ್ದು," ಎನ್ನುತ್ತಾರೆ, ಮೂರು ದಿನದ ಹಿಂದೆ ತಲೆ ನೆಟ್ಟಗಿದೆಯಾ ಎಂದು ಕೇಳಿದವರೇ. ಆಮೇಲೆ ಬಾಗಿಲ ಕಡೆ ತಿರುಗುತ್ತಾರೆ. "ಏನಯ್ಯಾ, ಹಗ್ಗ ಹಿಡ್ಕೊಂಡು ಹಬ್ಬದ ಮನೆಗೆ ಬರ್ತಾರಾ? ಬಿಸಾಕು ಅದನ್ನ. ಬಂದು ಊಟ ಮಾಡು. ನಮ್ಮ ಹಸು ಮಾರಾಟಕ್ಕಿಲ್ಲ!" ಮೀರಿಮ್ ಅಲ್ಲೇ ಗೋಡೆಗೊರಗಿ ಅತ್ತುಬಿಡುತ್ತಾಳೆ, ಈ ಸಲ ಖುಷಿಗೆ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಆಗುವಾಗ ಕಾನಿಶಾ ಎಲ್ಲಿ? ಹಿತ್ತಲಲ್ಲಿ, ಕಾದ ಎಣ್ಣೆಯ ಕಡಾಯಿಯ ಮುಂದೆ. ಅಜ್ಜಿ ದಡದಡ ಅಲ್ಲಿಗೇ ಹೋಗುತ್ತಾರೆ.

"ಸೌಟು ಇಲ್ಲಿ ಕೊಡೇ."

"ಯಾಕಮ್ಮಾ, ಬೂರ್ಸೋಕ್ ಬೇಯ್ಲಿಲ್ವಾ?"

"ಇಷ್ಟು ಹಬ್ಬ ಮಾಡಿಸಿದೀಯಲ್ಲ, ಎಷ್ಟು ಓಟ ನೋಡಿದೀಯ?"

ಕಾನಿಶಾ ಕಡಾಯಿಯ ಬೂರ್ಸೋಕ್ ಮಗುಚುತ್ತಾರೆ. "ಒಂದೂ ಇಲ್ಲಮ್ಮ. ಮಕ್ಕಳು ಓಡೋ ಹೊತ್ತಿಗೇ ಎಣ್ಣೆ ಕಾದಿರುತ್ತೆ. ಯಾರು ಗೆದ್ರು ಅಂತ ಆಮೇಲೆ ಯಾರನ್ನಾದ್ರೂ ಕೇಳ್ಕೊತೀನಿ."

"ಹೋಗು. ಕರಿಯೋಕೆ ನನಗೂ ಬರುತ್ತೆ."

ಕಾನಿಶಾ ಕೈ ಒರೆಸಿಕೊಂಡು, ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿಗೆ ಬರುತ್ತಾರೆ. ದಾರ ಕಟ್ಟಿಕೊಂಡ ಆಯ್‌ಪೆರಿ ಅಮ್ಮನ ಕೈ ಹಿಡಿದು ಹಿಮದ ಮೇಲೆ ಓಲಾಡುತ್ತಿದೆ. ಅತ್ತ ತುದಿಯಿಂದ ಹದಿನೇಳು ಮಕ್ಕಳು ಕಿರುಚುತ್ತ ಬರುತ್ತಿದ್ದಾರೆ. ಒಬ್ಬ ಜಾರಿ ಬೀಳುತ್ತಾನೆ, ಇಬ್ಬರು ಅವನ ಮೇಲೆ ಬೀಳುತ್ತಾರೆ. ಹಳದಿ ಟೋಪಿಯ ಪುಟ್ಟ ಹುಡುಗಿಯೊಬ್ಬಳು ಆ ಗುಂಪನ್ನು ಬಳಸಿ ನುಗ್ಗುತ್ತಾಳೆ. "ಓಡೇ! ಓಡೇ ನನ್ನ ಚಿನ್ನ!" ಎಂದು ಕಾನಿಶಾ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಅವರ ಗಂಟಲು ಇಷ್ಟು ದೊಡ್ಡದೆಂದು ನಮ್ಮ ಬೀದಿಗೆ ಗೊತ್ತಿರಲಿಲ್ಲ. ಅವಳ ಕೈಯಲ್ಲಿ ಕತ್ತರಿ ಆಡುತ್ತದೆ, ದಾರ ಬೀಳುತ್ತದೆ, ಮಗು ಅಮ್ಮನ ಕೈ ಬಿಟ್ಟು ನಾಲ್ಕು ಹೆಜ್ಜೆ ಇಡುತ್ತದೆ.

ಹಿಂದೆ ಉಳಿದ ಮುದುಕರೊಬ್ಬರು ಕೋಲೂರಿಕೊಂಡು ಬಂದು, "ಯಾರು ಗೆದ್ದಿದ್ದು? ಯಾರು ಗೆದ್ದಿದ್ದು?" ಎಂದು ಅವರಿವರನ್ನು ಕೇಳುತ್ತಾರೆ.

"ಅವರನ್ನೇನು ಕೇಳ್ತೀರಿ ತಾತ, ನನ್ನ ಕೇಳಿ," ಎನ್ನುತ್ತಾರೆ ಕಾನಿಶಾ. "ನಾನು ಕಣ್ಣಾರೆ ನೋಡಿದೀನಿ."