ಹೊಟ್ಟೆನೋವು ಮತ್ತು ಚೆನ್ನೆಮಣೆ

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವವನು. ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರೂ ಹಿಂದಿನ ಬೆಂಚಿನಲ್ಲಿ ಆಕಳಿಸಿದ್ದು ಯಾರು ಎಂದು ತಿರುಗದೆ ಹೇಳಬಲ್ಲೆ. ಅಷ್ಟು ಅನುಭವಸ್ಥ. ಆದರೆ ಮನೆಯಲ್ಲಿ ನಾನು ಲೆಕ್ಕದ ಪುಸ್ತಕ ಹಿಡಿದು ಚಾಪೆಯ ಮೇಲೆ ಕೂತರೆ ಸಾಕು, ಮೂರನೆಯ ಕ್ಲಾಸಿನ ನನ್ನ ಮಗಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು.

ಕನ್ನಡ ಪುಸ್ತಕಕ್ಕೆ ಆ ನೋವು ಬರುತ್ತಿರಲಿಲ್ಲ. ಅವಳ ಅಮ್ಮ ಲೆಕ್ಕ ಹೇಳಿಕೊಟ್ಟರೂ ಬರುತ್ತಿರಲಿಲ್ಲ. ನನ್ನ ಹೆಂಡತಿ ಬಂಟ್ವಾಳದ ಒಂದು ಕಚೇರಿಯಲ್ಲಿ ಗುಮಾಸ್ತೆ. ಸಂಜೆ ಬಸ್ಸಿನಲ್ಲಿ ನಿಂತು ಬಂದು, ಚಹಾಕ್ಕೆ ಇಟ್ಟು, ತೆಂಗಿನಕಾಯಿ ತುರಿಯುತ್ತಲೇ ಎರಡು ಲೆಕ್ಕ ಮಾಡಿಸಿಬಿಡುತ್ತಿದ್ದಳು. ಆಗ ಮಗಳ ಹೊಟ್ಟೆ ತೆಪ್ಪಗಿರುತ್ತಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಹೆಂಡತಿ ತುರಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಇನ್ನೊಂದು ಗಾದೆಯೂ ಉಂಟು, ಅದನ್ನು ನಾನೇ ನೆನಪಿಸುತ್ತಿದ್ದೆ. ಅದರಲ್ಲಾದರೆ ತಪ್ಪು ಗಿಡದ್ದಲ್ಲ.

ನನಗೆ ಕೋಪ ಬೇಗ ಬರುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಓಣಿಗೆಲ್ಲ ಕೇಳುತ್ತದೆ. ಆದರೆ ಆ ಮಳೆಗಾಲದ ಹೊತ್ತಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಚಿಕ್ಕವಳಿದ್ದಾಗ ನಾನು ಕಾಲೇಜಿನಿಂದ ಬಂದರೆ ಅಂಗಳಕ್ಕೆ ಓಡಿ ಬರುತ್ತಿದ್ದ ಮಗು, ಈಗ ಸ್ಕೂಟರಿನ ಸದ್ದು ಕೇಳಿದರೆ ಅಜ್ಜಿಯ ಕೋಣೆ ಸೇರುತ್ತಿತ್ತು. ಮಗ್ಗಿ ಇವತ್ತಲ್ಲದಿದ್ದರೆ ನಾಳೆ ಬರುತ್ತದೆ, ಮಗಳು ಪುನಃ ನನ್ನ ಪಕ್ಕಕ್ಕೆ ಬರುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು.

ಆಟದ ಮೂಲಕ ಕಲಿಸಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರು. ಸರಿ, ಒಂದು ಹಾವು ಏಣಿ ಮಾಡಿದೆ. ಮಾಮೂಲಿನದ್ದಲ್ಲ. ರಟ್ಟಿನ ಮೇಲೆ ಗೆರೆ ಎಳೆದು, ಪ್ರತಿ ಮನೆಯಲ್ಲೂ ಒಂದು ಲೆಕ್ಕ ಬರೆದೆ. ಉತ್ತರ ಹೇಳಿದರೆ ಮಾತ್ರ ಅಲ್ಲಿ ನಿಲ್ಲಬಹುದು. ಹಾವಿನ ಬಾಯಿಯಲ್ಲಿ ಮಾತ್ರ ಲೆಕ್ಕ ಬರೆಯಲು ಜಾಗ ಸಾಲಲಿಲ್ಲ. ಮಗಳು ಇದನ್ನು ಗಮನಿಸಿದಳು. ಆಮೇಲೆ ಅವಳು ದಾಳ ಹಾಕುವ ಮೊದಲು ಹಾವಿಗೆ ಎಷ್ಟು ಬೀಳಬೇಕೆಂದು ಬೆರಳಲ್ಲಿ ಎಣಿಸಿ, ಅದು ಬೀಳಲಿ ಎಂದು ಕೈಮುಗಿಯುತ್ತಿದ್ದಳು. ಹಾವು ನುಂಗಿದಾಗಲೆಲ್ಲ ಖುಷಿಯಿಂದ ಕೆಳಗೆ ಜಾರುತ್ತಿದ್ದಳು. ಆಟ ಮುಗಿಯಲೇ ಇಲ್ಲ. ನನ್ನ ತಾಳ್ಮೆ ಮುಗಿಯಿತು.

ಮತ್ತೊಂದು ದಿನ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ಒಂದು ಒಗಟು ಹಾಕಿದೆ. ಮೂಡುಬಿದಿರೆಯಲ್ಲಿ ಮೂವತ್ತು ಜನ ಹತ್ತಿದರು, ಸಿದ್ದಕಟ್ಟೆಯಲ್ಲಿ ಹದಿನೆಂಟು ಜನ ಇಳಿದರು, ಉಳಿದವರೆಷ್ಟು. ಮಗಳು ಬಾಯಿ ತೆರೆಯುವ ಮೊದಲು ಮುಂದಿನ ಸೀಟಿನ ಹಿರಿಯರು ತಿರುಗಿ, ಸಿದ್ದಕಟ್ಟೆಯಲ್ಲಿ ಅಷ್ಟು ಜನ ಇಳಿಯುವುದಿಲ್ಲ ಎಂದು ಆಕ್ಷೇಪ ಎತ್ತಿದರು. ಸಂತೆಯ ದಿನ ಇಳಿಯುತ್ತಾರೆ ಎಂದು ಮೀನಿನ ಬುಟ್ಟಿಯ ಹೆಂಗಸು ಅವರನ್ನು ತಿದ್ದಿದಳು. ಕಂಡಕ್ಟರನನ್ನು ಸಾಕ್ಷಿಗೆ ಕರೆದರು. ಅವನು ಮೂವತ್ತೇ ಜನರಾದರೆ ಬಸ್ಸು ಮೂಡುಬಿದಿರೆ ಬಿಡುವುದೇ ಇಲ್ಲ ಎಂದು ಲೆಕ್ಕದ ಬುಡವನ್ನೇ ಕಡಿದ. ಮಗಳು ಬಿದ್ದು ಬಿದ್ದು ನಕ್ಕಳು. ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಬಸ್ಸು ಇಳಿಯುವಾಗ, ಹಾಗಾದರೆ ಉತ್ತರ ಎಷ್ಟು ಎಂದು ಕೇಳಿದೆ. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು.

ಅಷ್ಟರಲ್ಲಿ ಆಟಿ ತಿಂಗಳು, ತುಳುನಾಡಿನ ಜಡಿಮಳೆಯ ಆಷಾಢ, ಬಂತು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಕಡೆ ಹಾಳೆ ಮರದ ತೊಗಟೆಯ ಕಷಾಯ ಕುಡಿಯುವ ಕ್ರಮ. ಅದರ ಕಹಿ ಕುಡಿದವರಿಗೇ ಗೊತ್ತು. ದೊಡ್ಡವರೂ ಮೂಗು ಹಿಡಿದು ಕಣ್ಣು ಮುಚ್ಚಿ ನುಂಗುತ್ತಾರೆ. ಆ ದಿನ ಮಗಳು ತನ್ನ ಪಾಲು ಕುಡಿದು, ಲೋಟ ಮುಂದೆ ಹಿಡಿದು ಅಜ್ಜಿಯ ಹತ್ತಿರ ಕೇಳಿದಳು:

"ಇನ್ನೊಂದು ಲೋಟ ಕುಡಿದರೆ ಇವತ್ತು ಲೆಕ್ಕ ಬಿಡಬಹುದಾ ಅಜ್ಜಿ?"

ನನ್ನ ತಾಯಿ ನನ್ನ ಮುಖ ನೋಡಿದರು. ನನ್ನ ಲೋಟದಲ್ಲಿ ಉಳಿದಿದ್ದ ಕಷಾಯ ಕೂಡ ಆ ಮಾತಿನಷ್ಟು ಕಹಿ ಇರಲಿಲ್ಲ.

ಆ ಸಂಜೆಯೇ ತಾಯಿ ಬಚ್ಚಲುಮನೆಯ ಮೇಲಿನ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ವಿಟ್ಲದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಅವರು ತಂದದ್ದು ಎರಡು ಸೀರೆಪೆಟ್ಟಿಗೆ ಮತ್ತು ಮೈಯೊರೆಸುವ ಹಳೆ ಬೈರಾಸಿನಲ್ಲಿ ಸುತ್ತಿದ ಈ ಮರದ ಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕೆಂಪು ಮಂಜೊಟ್ಟಿ ಬೀಜ. ನಿಮ್ಮ ಸಾಲಿನ ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯಲ್ಲಿ ಬೀಜ ಇದ್ದರೆ ಅದನ್ನೆತ್ತಿ ಮುಂದುವರಿಸಬೇಕು. ಅದು ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಿಮ್ಮದು. ಎಲ್ಲಿಂದ ಹೊರಟರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಎಣಿಸಬಲ್ಲವರು ಗೆಲ್ಲುತ್ತಾರೆ. ಆಟಿಯಲ್ಲಿ ಮಾತ್ರ ಆಡಬೇಕು, ಆಟಿ ಮುಗಿದರೆ ಮಣೆ ಅಟ್ಟಕ್ಕೆ, ಇದು ತಾಯಿಯ ಕಾನೂನು. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಎಂಬುದು ಇನ್ನೊಂದು. ಅಪ್ಪ ಮಗಳು ಆಡಬಹುದೋ ಎಂದು ನಾನು ಕೇಳಿದೆ. ಅದರ ಬಗ್ಗೆ ಹಿಂದಿನವರು ಏನೂ ಹೇಳಿಲ್ಲ, ಅಪ್ಪಂದಿರಿಗೆ ಪುರುಸೊತ್ತು ಯಾವಾಗ ಇತ್ತು ಎಂದರು.

ಮೊದಲ ಆಟದಲ್ಲೇ ನಾನು ಹಳೆಯ ಚಾಳಿ ತೆಗೆದೆ. ಮಗಳು ಆರು ಬೀಜ ಗೆದ್ದಳು. ಐವತ್ತಾರರಲ್ಲಿ ಆರು ಹೋದರೆ ಎಷ್ಟು ಎಂದೆ. ತಾಯಿ ಮಣೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಆಡುವುದಾದರೆ ಆಡು ಮಾರಾಯ. ಪಾಠ ಮಾಡುವುದಾದರೆ ಕಾಲೇಜಿಗೆ ಹೋಗು, ಅಲ್ಲಿ ಸಂಬಳವಾದರೂ ಉಂಟು."

ಬಾಯಿ ಮುಚ್ಚಿ ಆಡಿದೆ, ಸೋತೆ. ಮರುದಿನವೂ ಸೋತೆ. ಮೂರನೆಯ ಕ್ಲಾಸಿನ ಹುಡುಗಿಗೆ, ಒಂದು ಮರದ ತುಂಡಿನ ಮೇಲೆ. ಒಂದು ಬೀಜ ಕಡಿಮೆ ಉಂಟು ಎಂದು ಜಗಳ ತೆಗೆದು ಎಲ್ಲ ಸುರಿದು ಎಣಿಸಿದೆ, ಸರಿಯಾಗಿಯೇ ಇತ್ತು. ಗುಳಿಗಳ ಆಳ ಒಂದೇ ಸಮ ಇಲ್ಲ ಎಂದೆ. ಹೆಂಡತಿ ಅಡುಗೆಮನೆಯಲ್ಲಿ ನಗುವುದು ಕೇಳಿಸಿತು. ಅದರ ಮರುದಿನ ಪೇಪರು ತಿದ್ದಲಿಕ್ಕುಂಟು ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡೆ. ಮಗಳು ಎರಡು ಸಲ ಬಾಗಿಲ ಹತ್ತಿರ ಬಂದು ಹೋದಳು.

ಆಮೇಲೆ ಒಂದು ಸಂಜೆ ಪುನಃ ಕೂತೆ. ಆ ದಿನ ಗೆದ್ದೆ. ಹೆಚ್ಚಿಲ್ಲ, ನಾಲ್ಕು ಬೀಜದಲ್ಲಿ. ಮರುದಿನವೂ ಗೆದ್ದೆ. ಒಮ್ಮೆ ಎರಡು, ಒಮ್ಮೆ ಆರು, ಯಾವಾಗಲೂ ಸ್ವಲ್ಪದರಲ್ಲೇ. ನನ್ನ ತಲೆ ಕೊನೆಗೂ ಓಡಲಾರಂಭಿಸಿತು ಎಂದುಕೊಂಡೆ. ಮಗಳು ಸೋತರೂ ಬೇಸರ ಮಾಡಿಕೊಳ್ಳದೆ ನಾಳೆ ಪುನಃ ಆಡುವ ಎನ್ನುತ್ತಿದ್ದಳು. ಸ್ಕೂಟರಿನ ಸದ್ದಿಗೆ ಅಂಗಳಕ್ಕೆ ಓಡಿ ಬರತೊಡಗಿದಳು. ಹೊಟ್ಟೆನೋವಿನ ಸುದ್ದಿಯೇ ಇಲ್ಲ. ನಾನು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಭಾಷಣ ಬಿಗಿದೆ: ಮಕ್ಕಳಿಗೆ ಸುಮ್ಮನೆ ಸೋತು ಕೊಡಬಾರದು, ದೊಡ್ಡವರು ನಿಜವಾಗಿ ಆಡಿ ಗೆಲ್ಲಬೇಕು, ಆಗ ಮಗು ಎಣಿಸಲು ಕಲಿಯುತ್ತದೆ. ಕೇಳಿದವರಲ್ಲಿ ಒಬ್ಬರು ಇದನ್ನು ನಂಬಿ, ಬೆಳ್ತಂಗಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ಸಭೆಯೊಂದಕ್ಕೆ ನನ್ನನ್ನು ಕರೆಸಿದರು. ವಿಷಯ, ಆಟದಿಂದ ಗಣಿತ.

ಮಣೆ ಕೊಂಡುಹೋಗಲು ತಾಯಿ ಒಪ್ಪಿದ್ದೇ ದೊಡ್ಡದು. ಆಟಿ ಮುಗಿಯಲು ಎರಡೇ ದಿನ ಉಂಟು, ನೀನು ಬಾರದಿದ್ದರೂ ಅಡ್ಡಿಯಿಲ್ಲ, ಮಣೆ ಬರಬೇಕು ಎಂದರು. ಶನಿವಾರವಾದ್ದರಿಂದ ಮಗಳನ್ನೂ ಕರೆದುಕೊಂಡು ಹೋದೆ. ನನ್ನ ಸಾಧನೆಗೆ ಜೀವಂತ ಸಾಕ್ಷಿ ಬೇಕಿತ್ತು.

ಭಾಷಣ ಚೆನ್ನಾಗಿಯೇ ಆಯಿತು. ಆಮೇಲೆ ಪ್ರಾತ್ಯಕ್ಷಿಕೆ. ನಿವೃತ್ತಿಗೆ ಹತ್ತಿರವಾದ ಒಬ್ಬ ಟೀಚರು, ಚಿಕ್ಕಂದಿನಲ್ಲಿ ಆಡಿದ್ದೇನೆ ಎನ್ನುತ್ತ ಮಗಳ ಎದುರು ಕೂತರು. ಅವರು ಕನ್ನಡಕ ಸರಿಮಾಡಿಕೊಂಡು ಯೋಚಿಸುತ್ತಿರುವಾಗಲೇ ಮಗಳು ಗುಳಿ ಮೇಲೆ ಗುಳಿ ಬರಿದು ಮಾಡಿದಳು. ಚಹಾ ಬರುವ ಮೊದಲು ಟೀಚರ ಸಾಲಿನಲ್ಲಿ ಎತ್ತಲು ಬೀಜವೇ ಉಳಿಯಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಈಗ ಗುರುವಿನ ಸರದಿ ಎಂದು ಯಾರೋ ಅಂದರು. ನಾನು ಕೂತೆ, ಎರಡು ಬೀಜದಲ್ಲಿ ಗೆದ್ದೆ, ಎದ್ದು ನಮಸ್ಕಾರ ಮಾಡಿದೆ. ಚಹಾದ ಲೋಟ ಕೈಗಿಡುವಾಗ ಆ ಟೀಚರು ನನ್ನ ಹತ್ತಿರ ಮೆಲ್ಲಗೆ ಹೇಳಿದರು:

"ಸರ್, ನಿಮ್ಮ ಮಗಳು ಒಂದೇ ಕೈಯಲ್ಲಿ ಎಲ್ಲ ಬಾಚಬಹುದಿತ್ತು. ಆ ಗುಳಿಗೆ ಬೆರಳು ಇಟ್ಟು, ನಿಮ್ಮ ಮುಖ ನೋಡಿ, ಪಕ್ಕದ್ದು ತೆಗೆದಳು. ಮೂರು ಸಲ."

ಲೋಟ ಅಲ್ಲೇ ಇಟ್ಟು ಮಣೆ ಸುತ್ತಿಕೊಂಡೆ. ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕಿಟಕಿ ಪಕ್ಕ, ಮಣೆ ನನ್ನ ತೊಡೆಯ ಮೇಲೆ. ಗುರುವಾಯನಕೆರೆ ದಾಟಿತು. ವೇಣೂರು ಬರುವವರೆಗೂ ತಡೆದುಕೊಂಡೆ. ಆಮೇಲೆ, ಬೇಕೆಂದೇ ಸೋಲುತ್ತೀಯಾ ಎಂದು ಕೇಳಿದೆ. ಅವಳು ಗಾಬರಿಯಾಗಲಿಲ್ಲ. ಬಸ್ಸಿನ ದರ ಹೇಳುವ ಹಾಗೆ ಹೇಳಿದಳು:

"ನಾನು ಗೆದ್ದರೆ ನೀವು ಮರುದಿನ ಆಡ್ಲಿಕ್ಕೆ ಬರುವುದಿಲ್ಲ ಅಪ್ಪ. ತುಂಬ ಸೋತರೆ ಪಾಠ ಶುರು ಮಾಡ್ತೀರಿ. ಅದಕ್ಕೆ ಸ್ವಲ್ಪ ಸೋಲುವುದು."

ಗೆಲ್ಲುವವನು ತನ್ನ ಬೀಜ ಎಣಿಸಿದರೆ ಸಾಕು. ಸ್ವಲ್ಪವೇ ಸೋಲಬೇಕಾದರೆ ಇಬ್ಬರದ್ದೂ ಎಣಿಸಬೇಕು, ಕೂಡಬೇಕು, ಕಳೆಯಬೇಕು, ಅದೂ ಕೈ ಓಡುತ್ತಿರುವಾಗ. ನಾನು ಇಡೀ ಆಟಿ ತಿಂಗಳು ಮಗಳಿಗೆ ಲೆಕ್ಕ ಕಲಿಸುತ್ತಿದ್ದೇನೆಂದು ಬೀಗುತ್ತಿರುವಾಗ, ಅವಳು ನನ್ನನ್ನು ಪಕ್ಕದಲ್ಲಿ ಉಳಿಸಿಕೊಳ್ಳುವ ಲೆಕ್ಕ ಮಾಡುತ್ತಿದ್ದಳು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದ್ದರಿಂದ ಶೀತ ಎಂದೆ.

ಮರುದಿನ ಆಟಿಯ ಕೊನೆ. ಸಂಜೆ ಚಾಪೆ ಹಾಸಿ, ಇವತ್ತು ನಿಜವಾದ ಆಟ ಆಡಬೇಕು ಎಂದು ಮಗಳಿಗೆ ಹೇಳಿದೆ. ಅವಳು ಅಜ್ಜಿಯ ಮುಖ ನೋಡಿದಳು. ಆಡು ಎಂಬಂತೆ ಅಜ್ಜಿ ತಲೆಯಾಡಿಸಿದರು. ಆಮೇಲೆ ನಡೆದದ್ದನ್ನು ವಿವರಿಸುವುದಿಲ್ಲ, ನನಗೂ ಊರಲ್ಲಿ ಮರ್ಯಾದೆ ಉಂಟು. ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೋಡುವಷ್ಟರಲ್ಲಿ ನನ್ನ ಕಡೆಯ ಗುಳಿಗಳು ತೊಳೆದಿಟ್ಟ ಹಾಗಿದ್ದವು. ನಾಲಿಗೆ ತುದಿಗೆ ಬಂದ ಮಾತು ನುಂಗಿದೆ. ನುಂಗಿದ್ದು ಎಲ್ಲಿಗೆ ಹೋಗಿ ಕೂತಿತೋ, ಹೊಟ್ಟೆಯಲ್ಲಿ ನಿಜವಾಗಿಯೂ ಒಂದು ಸಣ್ಣ ನೋವು ಕಾಣಿಸಿತು. ಇಷ್ಟು ದಿನ ಅವಳು ಸುಳ್ಳು ಹೇಳಿದ್ದಲ್ಲ ಎಂದು ಆಗ ಗೊತ್ತಾಯಿತು. ತಾಯಿ ಮಣೆಯನ್ನು ಬೈರಾಸಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು.

ಮಾರನೆಯ ದಿನ ಕಾಲೇಜಿನಲ್ಲಿ ಮೀಟಿಂಗ್ ಇತ್ತು, ಬಿಟ್ಟು ಬಂದೆ. ಅಂಗಳಕ್ಕೆ ಯಾರೂ ಓಡಿ ಬರಲಿಲ್ಲ. ಒಳಗೆ ಹೋದರೆ ಮಗಳು ಚಾಪೆ ಹಾಸಿ ಕೂತಿದ್ದಳು, ಕಣ್ಣು ಬಾಗಿಲ ಮೇಲೆ. ಮುಂದೆ ಮಣೆ ಇಲ್ಲ, ಮಡಿಲಲ್ಲಿ ಏನನ್ನೋ ಮುಚ್ಚಿಟ್ಟುಕೊಂಡಿದ್ದಳು. ನಿನ್ನೆ ಸೋತವನು ಇವತ್ತು ಬರುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಳು. ಚೀಲ ಅಲ್ಲೇ ಇಟ್ಟು ಎದುರು ಕೂತೆ. ಅವಳು ಮಡಿಲಿನಿಂದ ಲೆಕ್ಕದ ಪುಸ್ತಕ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

"ಇದರಲ್ಲಿ ಆಡುವ ಅಪ್ಪ. ಇದರಲ್ಲಿ ನನಗೆ ಬೇಕೆಂದೇ ಸೋಲ್ಲಿಕ್ಕೆ ಬರುವುದಿಲ್ಲ, ನಿಜವಾಗಿಯೇ ಸೋಲ್ತೇನೆ. ಆಗಲೂ ಕೂತಿರ್ತೀರಾ?"

ಕೂತಿರುತ್ತೇನೆ ಎಂದೆ. ಮೊದಲ ಲೆಕ್ಕ ತಪ್ಪಿತು. ಅವಳು ನನ್ನ ಮುಖ ನೋಡಿದಳು, ನಾನು ಪುಸ್ತಕ ನೋಡಿದೆ. ಎರಡನೆಯದೂ ತಪ್ಪಿತು. ನಾನು ಏಳಲಿಲ್ಲ.